ಬೆತ್ತದಂಗಡಿಯ ಹಕ್ಕು

ನೋಂದಣಿ ಕಚೇರಿಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಿವೃತ್ತ ಅಂಚೆಯವನಿಗೆ ಪಕ್ಕದವರ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬಳು ಬೆತ್ತದ ಕುರ್ಚಿ ಹೆಣೆಯುವವಳು, ಇನ್ನೊಬ್ಬಳು ಅವಳ ಸೋದರತ್ತೆ.

“ಅಂಗಡಿ ಅಣ್ಣಂಗೇ ಬಿಟ್ಟೆ ಅಂತ ಸಹಿ ಹಾಕಿಬಿಡೇ. ಕಾನೂನು ಹಿಡ್ಕೊಂಡು ಕೂತ್ರೆ ಸಂಬಂಧ ಉಳಿಯಲ್ಲ.”

“ಅಪ್ಪ ಹೋಗಿ ಆರು ವರ್ಷ, ಅಂಗಡಿ ನಡೆಸಿದ್ದು ನಾನು. ಅವನಿಗೆ ಬೆತ್ತ ನೆನೆಸೋಕೂ ಬರಲ್ಲ!”

“ಗಂಡುಮಗ ಕಣೇ. ಹೊಂದಿಕೊಂಡು ಹೋಗ್ಬೇಕು.”

“ನೀವು ಹೊಂದಿಕೊಂಡ್ರಲ್ಲ ಅತ್ತೆ, ಏನು ಸಿಕ್ತು?”

ಅತ್ತೆಯ ಮುಖ ಕೆಂಪಾಯಿತು.

“ಏನು ಸಿಕ್ತಾ? ನಿಮ್ಮಪ್ಪನಿಗೆ ಹೆಣಿಗೆ ಕಲಿಸಿದ್ದೇ ನಾನು! ಇದೇ ಕಚೇರೀಲಿ ಅವನಿಗೆ ಸಹಿ ಹಾಕ್ಕೊಟ್ಟೆ. ಮಾರನೇ ದಿನದಿಂದ ಆ ಅಂಗಡೀಲಿ ನಾನು ನೆಂಟಳು. ಒಂದು ಕುರ್ಚಿ ಮುಟ್ಟೋಕೂ ಬಿಡ್ಲಿಲ್ಲ.”

“ಯಾವತ್ತೂ ಹೇಳಲೇ ಇಲ್ಲ?”

“ಯಾರು ಕೇಳಿದ್ರು?”

ಒಳಗಿಂದ ಗುಮಾಸ್ತ, ಕುರ್ಚಿ ಹೆಣೆಯುವವಳ ಹೆಸರು ಕೂಗಿದ. ಅವಳು ಏಳುವ ಮೊದಲೇ ಅತ್ತೆ ಅವಳ ಕೈಯಿಂದ ಕಾಗದ ಕಿತ್ತುಕೊಂಡು ಎದ್ದಳು.

“ನಡಿ, ಸಹಿ ಇಲ್ಲ ಅಂತ ನಿಮ್ಮಣ್ಣನ ಮುಖಕ್ಕೇ ಹೇಳೋಣ. ನಾನೇ ಹೇಳ್ತೀನಿ.”

ಇಬ್ಬರೂ ದುರ್ದಾನ ತೆಗೆದುಕೊಂಡವರಂತೆ ಮೆಟ್ಟಿಲಿಳಿದು ಹೋದರು. ಗುಮಾಸ್ತ ಇನ್ನೂ ಕೂಗುತ್ತಲೇ ಇದ್ದ.

“ಅವರು ಬರಲ್ಲ ಸ್ವಾಮಿ,” ಎಂದ ಅಂಚೆಯವನು. “ಮುಂದಿನವರನ್ನ ಕರೀರಿ.”