ಬಾವಿಯ ಬಳಿ ಹನ್ನೊಂದು ಸಿಪಿಲೆ

ಇದು ಕಟ್ಟುಕತೆಯಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು... ಎರಡನೆಯ ಸಂಜೆ ನಾನೂ ಅಲ್ಲಿದ್ದೆ.

ಹೋದ ಚಳಿಗಾಲ. ಕತ್ತಲಾಗುವ ಹೊತ್ತಿಗೆ ಅವಳು ಹೊಲದ ದಾರಿಯಲ್ಲಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು... ಹಿಂದಿನಿಂದ ಒಂದು ಮಾತು.

"ಹನ್ನೊಂದು."

ನಿಂತಳು. ಗಾಳಿಯಿರಲಿಲ್ಲ. ಒಣಹುಲ್ಲು ಮಾತ್ರ ಸರ್... ಎಂದಿತು. ಮತ್ತೆ, ಮೆಲ್ಲಗೆ, "ಹನ್ನೊಂದು."

ಗಂಡನ ದನಿ. ಅವರು ತೀರಿಕೊಂಡು ವರ್ಷವಾಗಿತ್ತು. ಅವಳು ಚಪ್ಪಲಿ ಬಿಟ್ಟು ಓಡಿಬಂದಳು.

ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಪ್ರತಿ ಚಳಿಗಾಲ ಗಂಡ ಹೆಂಡತಿ ಹೊಲದ ದಾರಿಗಳಲ್ಲಿ ಹಕ್ಕಿ ಎಣಿಸುತ್ತಿದ್ದರು. ನಾನು ಪ್ರಾಣಿಶಾಸ್ತ್ರ ಓದಿದವಳು. ಲೆಕ್ಕದ ಪುಸ್ತಕ ಇಪ್ಪತ್ತೆರಡು ವರ್ಷದಿಂದ ನನ್ನದು, ನಿಯಮವೂ ನನ್ನದೇ. ಒಬ್ಬರು ಸಂಖ್ಯೆ ಹೇಳಬೇಕು. ಇನ್ನೊಬ್ಬರು ತಾವೂ ಎಣಿಸಿ, ಅದನ್ನೇ ತಿರುಗಿ ಹೇಳಬೇಕು. ಆಮೇಲೆಯೇ ಬರೆಯಬೇಕು.

ಅವರು ತೀರಿಕೊಂಡ ದಿನ ಇಬ್ಬರಿಗೂ ಜಗಳ.

"ನೀನು ಒಂದೇ ಹಕ್ಕಿನ ಎರಡು ಸಲ ಎಣಿಸ್ತೀಯ ಕಣೇ," ಎಂದು ಅವರು ನಕ್ಕಿದ್ದರು.

"ಹಾಗಾದ್ರೆ ನೀವೇ ಎಣಿಸಿ, ನೀವೇ ಬರ್ಕೊಳ್ಳಿ," ಎಂದು ಇವಳು ಮನೆಯಲ್ಲೇ ಉಳಿದಳು.

ಕತ್ತಲಾದರೂ ಬರಲಿಲ್ಲ. ಬಾವಿಯ ಕಟ್ಟೆಗೆ ಒರಗಿ ಕುಳಿತಿದ್ದರು... ಎದೆಬಡಿತ ನಿಂತಿತ್ತು. ಹಾಳೆಯಲ್ಲಿ 'ಸಿಪಿಲೆ' ಎಂದು ಆ ಬಾಲ ಕುಣಿಸುವ ಪುಟ್ಟ ಹಕ್ಕಿಯ ಹೆಸರು ಬರೆದು, ಮುಂದೆ ಜಾಗ ಖಾಲಿ ಬಿಟ್ಟಿದ್ದರು. ತಿರುಗಿ ಹೇಳುವವರು ಇರಲಿಲ್ಲವಲ್ಲ.

ದನಿ ಕೇಳಿದ ಮರುದಿನ ಸಂಜೆ ನಾನೂ ಅವಳ ಜೊತೆ ಹೋದೆ, ನಂಬಿಕೆಯಿಂದಲ್ಲ, ಅವಳ ಭ್ರಮೆ ಬಿಡಿಸಲು. ಬಾವಿಯ ಬಳಿ ಒಂದು ಹಕ್ಕಿಯೂ ಇರಲಿಲ್ಲ. ನನಗೇನೂ ಕೇಳಿಸಲಿಲ್ಲ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಹೇಳ್ತಿದ್ದಾರೆ ಅಕ್ಕ... ಕಾಯ್ತಿದ್ದಾರೆ."

"ನೀನೂ ತಿರುಗಿ ಹೇಳು," ಎಂದೆ.

"ನಾನು ಅವತ್ತು ನೋಡೇ ಇಲ್ವಲ್ಲ. ನಿಮ್ಮ ನಿಯಮ?"

"ಹೇಳು. ನಾನು ಬರ್ಕೋತೀನಿ."

ಅವಳು ಪಿಸುಗುಟ್ಟಿದಳು, "ಹೇಳಿದ್ರೆ... ಹೊರಟುಹೋಗ್ತಾರೆ, ಅಲ್ವಾ?"

ನಾನು ಪುಸ್ತಕ ಬಿಚ್ಚಿ, ಅದರಲ್ಲಿ ಇಟ್ಟಿದ್ದ ಅವರ ಹಾಳೆ ತೆಗೆದೆ.

"ಹನ್ನೊಂದು, ರೀ," ಎಂದಳು.

ಪೆನ್ಸಿಲ್ ತೆಗೆದು 'ಸಿಪಿಲೆ'ಯ ಮುಂದಿನ ಖಾಲಿ ಜಾಗದಲ್ಲಿ ಹನ್ನೊಂದು ಎಂದು ಬರೆದೆ. ಆಗ ನನಗೂ ಕೇಳಿಸಿತು... ಕಿರ್... ಕಿರ್... ಟಕ್. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದ ಸದ್ದು. ಎಣಿಸಲು ಹೋದಾಗ ಲೆಕ್ಕ ಬರೆದು ಮುಗಿಯದೆ ಅವರು ಫ್ಲಾಸ್ಕಿನ ಚಹಾ ಮುಟ್ಟುತ್ತಿರಲಿಲ್ಲ.

ಆಮೇಲೆ ಏನೂ ಇಲ್ಲ. ಅವಳು ನಲವತ್ತು ಸಂಜೆ ಹೋಗಿ ನಿಂತಳು. ಏನೂ ಇಲ್ಲ.

"ಬಾಯಿ ಮುಚ್ಕೊಂಡಿದ್ದಿದ್ರೆ ದಿನಾ ಕೂಗ್ತಿದ್ರು, ಅಕ್ಕ," ಎನ್ನುತ್ತಾಳೆ ಈಗಲೂ. ಹೇಳಿಸಿದವಳು ನಾನು.

ಯಾರಾದರೂ ನಂಬದಿದ್ದರೆ ಪುಸ್ತಕ ತೆಗೆದು ತೋರಿಸುತ್ತೇನೆ. ಆ ಹನ್ನೊಂದನ್ನು ಬಿಟ್ಟರೆ, ಕಂಡದ್ದನ್ನಲ್ಲದೆ ನಾನು ಬರೆದವಳಲ್ಲ. ಆ ಎರಡನೆಯ ಸಂಜೆಯ ಪುಟದ ಕೊನೆಯ ಸಾಲುಗಳು ಇಷ್ಟೇ: ಅವಳ ಮನೆಗೆ ಬಂದದ್ದು ಏಳೂ ಹತ್ತಕ್ಕೆ. ಅವರ ಫ್ಲಾಸ್ಕು ಅಡುಗೆಮನೆಯ ಕಪಾಟಿನ ಮೇಲೆ, ವರ್ಷದ ಧೂಳಿನಲ್ಲಿ, ಇಟ್ಟಲ್ಲೇ ಇತ್ತು. ಮುಟ್ಟಿ ನೋಡಿದೆ. ಮುಚ್ಚಳ ಬಿಸಿಯಾಗಿತ್ತು.