ರೂಪಾ ಅಕ್ಷರ

ಅಲ್ಲ ಹಿದಾಯತ್ ಸಾಬ್ರೇ, ಏನೂ ಬದಲು ಮಾಡಿಲ್ಲ ಅಂತ ಎಷ್ಟು ಸಲ ಹೇಳ್ಲಿ ನಿಮಗೆ! ಅದೇ ಪ್ರೆಸ್ಸು, ಅದೇ ಕಂಪ್ಯೂಟರ್, ಅದೇ ಮುರುಗೇಶಪ್ಪ. ಆಯುಧಪೂಜೆಗೆ ಒಂಚೂರು ವಿಭೂತಿ ಹಚ್ಚಿದ್ದೆ, ಅಷ್ಟೇ... ಯಾಕ ನಗ್ತೀರಿ? ವಿಭೂತಿ ಹಚ್ಚಿದ್ರೆ ಕಂಪ್ಯೂಟರ್ ಕೆಡುತ್ತೇನು?

ಕೂಡ್ರಿ, ಕೂಡ್ರಿ. ಕಂಪ್ಯೂಟರ್ ರಿಪೇರಿ ಮಾಡೋರು ನೀವು, ಈ ಫ್ಲಾಪಿ ಓದಿಸಿಕೊಟ್ಟೇ ಹೋಗಬೇಕು. ನನ್ನ ಮಗಳು ರೂಪಶ್ರೀ ಬರ್ದ ಕಾಗದ ಐತೆ ಇದರಾಗೆ. ನನಗೇ ಬರ್ದಿದ್ದು. ಹರಿಹರದಾಗೆ ಕಾಮಾಲೆ ಏರಿ ಮಲಗಿದ್ಲಲ್ಲ, ಆವಾಗ... ಕೊನೇ ಕಾಗದ. ಆಕೆ ಹೋಗಿ ಹದಿನೈದು ದಿನಕ್ಕೆ ಆಕೆ ಗಂಡ ರಾಘವೇಂದ್ರ ಬಂದು ಈ ಟೇಬಲ್ ಮ್ಯಾಲೆ ಇಟ್ಟು ಹೋದ. ನಾನು ತಲೆ ಎತ್ತಲಿಲ್ಲ. ಪೇಪರ್ ಕತ್ತರಿಸ್ತಾ ಇದ್ದೆ.

ಮೊನ್ನೆ ತಡಿಯಕ್ಕಾಗದೆ ಹಾಕಿ ನೋಡಿದ್ರೆ... ನೀವೇ ನೋಡ್ರಿ! ಡಾಲರ್ ಗುರುತು, ಪ್ರಶ್ನೆ ಗುರುತು, ಅಡ್ಡಗೆರೆ. ಮಗಳಾದಾಕೆ ಅಪ್ಪಗೆ ಹಿಂಗೆ ಬರೀತಾಳೇನ್ರಿ?

ಏನು? ಯಾವ ಫಾಂಟಿನಾಗೆ ಬರ್ದಿದ್ಲು ಅಂತೀರಾ? ಇನ್ಯಾವುದು, ಆಕೆದೇ. ರೂಪಾ ಅಕ್ಷರ. ತನ್ನ ಕೈಬರಹನೇ ಇಟ್ಕೊಂಡು, ಈ ಕುರ್ಚಿ ಮ್ಯಾಲೆ ಕೂತು, ಒಂದೊಂದೇ ತಿದ್ದಿ ತಿದ್ದಿ ಫಾಂಟ್ ಮಾಡಿದ್ಲು. ಭಾನುವಳ್ಳಿ ಊರಿನವರು ಲಗ್ನಪತ್ರಿಕೆಗೆ ಬಂದ್ರೆ, "ಮುರುಗೇಶಪ್ಪಾರೆ, ಬ್ಯಾರೆ ಬ್ಯಾಡ, ನಿಮ್ಮ ಮಗಳ ಅಕ್ಷರದಾಗೇ ಹಾಕ್ರಿ" ಅಂತಿದ್ರು. ಆ 'ಳ' ನೋಡೀರಲ್ಲ? ಬಾಲ ಎಷ್ಟು ಉದ್ದ! ಬೈದ್ರೂ ಕಡಿಮೆ ಮಾಡ್ಲಿಲ್ಲ. ಕೀಲಿಗಳನ್ನೂ ತನ್ನ ಬೆರಳಿಗೆ ಹೊಂದೋ ಹಂಗೆ ಜೋಡಿಸಿದ್ಲು. ಹಂಗಾಗಿ ಬ್ಯಾರೆ ಫಾಂಟ್ ಹಾಕಿದ್ರೂ ಓದಕ್ಕೆ ಬರಲ್ಲ, ಎಲ್ಲ ಹಾಕಿ ನೋಡ್ದೆ.

ಅದು ಎಲ್ಲಿ ಹೋತು ಅಂದ್ರೆ... ನನ್ನ ಮಗ ಬಸವಕಿರಣ್ ಹೋದ ತಿಂಗಳು ಹೊಸ ವಿಂಡೋಸ್ ಹಾಕಿಸ್ದ ನೋಡ್ರಿ, ಅದರಾಗೇ ಹೋಗೈತೆ. ಹೊಸದು ಬಂದ್ರೆ ಹಳೇದು ಹೋಗಲೇಬೇಕಲ್ಲ!

ಏನು ಹುಡುಕ್ತೀರಿ? ಹಾಂ, ಅವೆಲ್ಲ ಅದಾವೆ. ಹಳೇ ಲಗ್ನಪತ್ರಿಕೆಗಳು ಅದಾವೆ. ಹಳೇ ಫಾಂಟುಗಳೂ ಅದಾವೆ, ಒಂದೂ ಹೋಗಿಲ್ಲ. ಆಕೆದೊಂದೇ... ಆಕೆದೊಂದೇ ಇಲ್ಲ.

ಯಾಕ ಕಂಪ್ಯೂಟರ್ ಬಿಟ್ಟು ನನ್ನ ಕಡೆ ತಿರುಗಿದ್ರಿ?

ಚಾ ತರಿಸ್ಲಾ? ಬ್ಯಾಡಾ? ಹಂಗೆ ನೋಡಬ್ಯಾಡ್ರಿ ಸಾಬ್ರೇ! ಬೇಕಾದ್ರೆ ಬೈಯ್ರಿ!

ನಾನೇ ಅಳಿಸಿದ್ದು. ವಿಂಡೋಸೂ ಅಲ್ಲ, ಮಣ್ಣೂ ಅಲ್ಲ. ನಾನೇ. ಆಕೆ ರಾಘವೇಂದ್ರನ್ನ ಮದುವೆ ಆದ ದಿನ. ಅವ ನಮ್ಮ ಪೈಕಿ ಅಲ್ಲ ಅಂತ... ಆಕೆ ಹೆಸರೇ ನನ್ನ ಪ್ರೆಸ್ಸಿನಾಗೆ ಇರಬಾರದು ಅಂತ. ಕಾಪಿ ಇಟ್ಟಿದ್ದ ಎರಡು ಫ್ಲಾಪಿನೂ ಕಟಿಂಗ್ ಮಿಶನ್ನಿಗೆ ಕೊಟ್ಟೆ. ಅಳಿಸಲಾ ಅಂತ ಕಂಪ್ಯೂಟರ್ ಕೇಳ್ತು. ಖರೇನಾ ಅಂತ ಇನ್ನೊಂದು ಸಲ ಕೇಳ್ತು ಸಾಬ್ರೇ. ಹೂಂ ಅಂತ ಒತ್ತಿದೆ.

ಆಕೆಗೆ ಗೊತ್ತಿರಲಿಲ್ಲ. ಅಪ್ಪಗೆ ಸಿಟ್ಟು ಜಾಸ್ತಿ, ಆದ್ರೆ ನನ್ನ ಅಕ್ಷರ ಇಟ್ಕೊಂಡಿರ್ತಾನೆ ಅಂತ ನಂಬಿ ಬರ್ದಾಳೆ, ಹುಚ್ಚಿ!

ಹೂಂ... ಗೊತ್ತೈತೆ. ಆಕೆ ಒಯ್ದ ಫಾಂಟ್ ಆಕೆ ಬರ್ದ ಕಂಪ್ಯೂಟರಿನಾಗೆ ಇದ್ದೇ ಇರುತ್ತೆ. ರಾಘವೇಂದ್ರನ ಮನ್ಯಾಗೆ. ದಾವಣಗೆರೆಗೆ ಹರಿಹರ ಏನು ದೂರ, ಬಸ್ಸಿಗೆ ಅರ್ಧ ತಾಸು. ಮಗಳ ಮಣ್ಣಿಗೂ ಹೋಗದವನು ನಾನು. ಯಾವ ಮುಖ ಇಟ್ಕೊಂಡು ಆ ಬಾಗಿಲು ಬಡೀಲಿ? ಏನಂತ ಕೇಳ್ಲಿ?

ಇಲ್ಲಿ ನೋಡ್ರಿ, ಮೊದಲನೇ ಸಾಲಿನಾಗೆ ಮೂರೇ ಗುರುತು ಅದಾವೆ. ಅದು 'ಅಪ್ಪಾ' ಅಂತಲೇ ಇರಬೇಕು... ಅಲ್ಲೇನ್ರಿ?

ಹಿದಾಯತ್ ಸಾಬ್ರೇ?