ಘಾಟಿನಲ್ಲಿ ಮುಂದಿನ ಸೈಕಲ್

ವೇದಿಕೆಯ ಮೇಲೆ ನನಗಿಂತ ನೆಟ್ಟಗೆ ಕೂತಿರುವ ಅಧ್ಯಕ್ಷೆ ಪ್ರಿಯಂವದಾ ಅವರೇ, ಛತ್ರಪತಿ ಸಂಭಾಜಿನಗರದಿಂದ ಬಸ್ಸಿನಲ್ಲಿ ಬಂದರೂ ಅಂಗಿಯ ಇಸ್ತ್ರಿ ಕೆಡಿಸಿಕೊಳ್ಳದ ಮುಖ್ಯ ಅತಿಥಿ ವಿಶ್ವನಾಥಪ್ಪನವರೇ, ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಯಶವಂತ ಅವರೇ, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದ್ದರೂ ಎದ್ದು ಹೋಗದ ನಾಸಿಕ್ಕಿನ ಸಭಿಕರೇ, ಮೊದಲ ಸಾಲಿನಲ್ಲಿ ಕೂತು ಈಗಾಗಲೇ ಕೈಗಡಿಯಾರ ನೋಡುತ್ತಿರುವ ನನ್ನ ಹೆಂಡತಿ ಅಲಕಾ ಅವರೇ,

ಈಗ ತಾನೇ ಯಶವಂತ, "ಬಳಗದ ಘಾಟ್ ಸೈಕಲ್ ತಂಡವನ್ನು ಕಟ್ಟಿ ಬೆಳೆಸಿದ ಬಿಂದುಮಾಧವರಾಯರು" ಎಂದು ನನ್ನನ್ನು ಹೊಗಳಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬಹಳ ಸಂತೋಷ. ಆದರೆ ಸಭಿಕರೇ, ನಾನು ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಕಳೆದವನು. ಶಾಲಿನ ಅರ್ಥ ನನಗೆ ಗೊತ್ತು. ನಿವೃತ್ತಿಯ ದಿನ ಇಂಥದ್ದೇ ಶಾಲು ಹೊದಿಸಿ ನನ್ನಿಂದ ಬೀಗದ ಕೈ ಇಸಿದುಕೊಂಡಿದ್ದರು. ಇವತ್ತು ನನ್ನಿಂದ ಏನು ಇಸಿದುಕೊಳ್ಳುವ ಯೋಚನೆ ಇದೆ?

ಉತ್ತರ ಆಮಂತ್ರಣ ಪತ್ರಿಕೆಯಲ್ಲೇ ಇದೆ. ಇಂದಿನಿಂದ ನಾನು ತಂಡದ "ಗೌರವ ಮಾರ್ಗದರ್ಶಕ". ಹಾಗೆಂದರೇನು ಎಂದು ಯಶವಂತನನ್ನು ಕೇಳಿದೆ. ಧಾರವಾಡದ ಹುಡುಗ, ಸುಳ್ಳು ಹೇಳಲು ಬರುವುದಿಲ್ಲ. "ಸರ್, ನೀವು ಇನ್ನ ಹಿಂದಿನ ಜೀಪಿನ್ಯಾಗ ಆರಾಮ ಕೂತು ಮಾರ್ಗದರ್ಶನ ಮಾಡ್ರಿ" ಎಂದ. ಆ ಜೀಪು ನಿಮಗೆ ಗೊತ್ತು. ಅದರಲ್ಲಿ ಪಂಕ್ಚರ್ ಸಾಮಾನು, ಬಾಳೆಹಣ್ಣಿನ ಗೊನೆ ಮತ್ತು ಹಳೇ ಟ್ಯೂಬುಗಳು ಇರುತ್ತವೆ. ಬರುವ ಭಾನುವಾರದಿಂದ ಅವುಗಳ ಪಕ್ಕದಲ್ಲಿ ನಾನು.

ಬರುವ ಭಾನುವಾರ ಯಾವ ಘಾಟ್? ಔಟ್ರಂ ಘಾಟ್. ರೈಲಿನಲ್ಲಿ ಸೈಕಲ್ಲುಗಳನ್ನು ಚಾಳೀಸಗಾಂವಕ್ಕೆ ಒಯ್ದು, ಅಲ್ಲಿಂದ ಬೆಳಗಿನ ಚಳಿಯಲ್ಲಿ ಹೊರಟು, ಬಲಕ್ಕೆ ಕಾಡು ಎಡಕ್ಕೆ ಕಣಿವೆ ನೋಡುತ್ತ ಏರಿದರೆ ಮೇಲೆ ಕನ್ನಡ ಎಂಬ ಊರು. ಹೌದು, ಊರಿನ ಹೆಸರೇ ಅದು. ನಮ್ಮವರು ಅಲ್ಲಿಯ ಫಲಕದ ಕೆಳಗೆ ಫೋಟೋ ತೆಗೆಸಿಕೊಳ್ಳದೆ ಮುಂದೆ ಹೋಗುವುದಿಲ್ಲ. ವಿಶ್ವನಾಥಪ್ಪನವರು ಸಂಭಾಜಿನಗರದ ತಮ್ಮ ಬಟ್ಟೆ ಅಂಗಡಿ ಮುಚ್ಚಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಘಾಟಿನ ತಲೆಯಲ್ಲಿ ಕಾಯುತ್ತಾರೆ. ಆ ರೊಟ್ಟಿಯನ್ನು ಬೆವರದೆ ಜೀಪಿನಿಂದ ಇಳಿದು ತಿನ್ನಲೇ? ಅದು ನನ್ನ ಗಂಟಲಿನಲ್ಲಿ ಇಳಿಯುತ್ತದೆಯೇ?

ಮೊಣಕಾಲಿನ ಮಾತು ಎತ್ತುತ್ತೀರಿ, ಗೊತ್ತು. ಅಲಕಾ ಅವರು ಮನೆಯಲ್ಲಿ ಎತ್ತಿದ್ದಾರೆ. "ಮೊಣಕಾಲು ನಿಮ್ಮದಿರಬಹುದು, ಎಣ್ಣಿ ತಿಕ್ಕೋ ಕೈ ನಂದು. ಸಾಕು ಮಾಡ್ರಿ ಇನ್ನ" ಎಂದಿದ್ದಾರೆ. ಮದುವೆಯಾದಾಗಿನಿಂದ ನಾನು ಅವರ ಮಾತು ಮೀರಿದವನಲ್ಲ. ಈ ಒಂದು ವಿಷಯ ಬಿಟ್ಟು. ಯಾಕೆ ಗೊತ್ತೇ? ಬ್ಯಾಂಕು ನನ್ನನ್ನು ಊರಿಂದೂರಿಗೆ ಎತ್ತಿ ಹಾಕಿತು. ಯಾವ ಊರಿನಲ್ಲೂ ನನ್ನ ಹೆಸರು ಹಿಡಿದು ಕರೆಯುವವರಿರಲಿಲ್ಲ, ಎಲ್ಲೆಡೆ ಮ್ಯಾನೇಜರ್ ಸಾಹೇಬ. ಈ ನಾಸಿಕ್ಕಿನ ಘಾಟುಗಳಲ್ಲಿ ನಾನು ಮೊದಲ ಸಲ ಯಾರದೋ ಕಾಕಾ ಆದೆ. ಅದನ್ನು ಬಿಟ್ಟು ಜೀಪಿನಲ್ಲಿ ಕೂರು ಎಂದರೆ ನನಗೆ ನೋವಾಗುತ್ತದೆ. ನೋವಾಗಿದೆ. ಹೇಳಿಬಿಟ್ಟೆ.

ಇನ್ನು ನನ್ನ ಶಕ್ತಿಯ ವಿಷಯ. ಅನುಮಾನ ಇದ್ದವರು ದೀಪಾವಳಿಯಾದ ಮೇಲೆ ಸಪ್ತಶೃಂಗಿ ಗಡಕ್ಕೆ ಹೋದದ್ದನ್ನು ನೆನಪಿಸಿಕೊಳ್ಳಿ. ಅಂದು ಘಾಟಿನ ಬುಡದಲ್ಲಿ ಇದೇ ಯಶವಂತ ನನ್ನ ಬಳಿ ಬಂದು, "ಸರ್, ನಿಮಗ ದಾರಿ ಗೊತ್ತದ. ನೀವ ಮುಂದ ಇರ್ರಿ" ಎಂದ. ಇದ್ದೆ! ಬುಡದಿಂದ ತುದಿಯವರೆಗೆ ನಾನೇ ಮುಂದೆ. ಇಪ್ಪತ್ತೈದರ ಹುಡುಗರು, ದುಬಾರಿ ಗೇರ್ ಸೈಕಲ್ಲಿನವರು, ಒಬ್ಬರಾದರೂ ನನ್ನನ್ನು ದಾಟಿದರೇ? ಇಲ್ಲ. ಆಮೇಲಿನ ಪ್ರತಿ ಘಾಟಿನಲ್ಲೂ ಹಾಗೆಯೇ. ಪಾಪ, ನನ್ನ ಬೆನ್ನಿಗೇ ಬರುತ್ತಿದ್ದ ಲತಾ ತಿರುವಿಗೊಮ್ಮೆ, "ಕಾಕಾ, ಜರಾ ನಿಲ್ರಿ, ನನಗ ನೀರು ಬೇಕು" ಎನ್ನುತ್ತಿದ್ದಳು. ನಿಲ್ಲುತ್ತಿದ್ದೆ. ಅವಳು ಗುಟುಕು ಕುಡಿಯುವುದರಲ್ಲಿ ನನಗೂ ಉಸಿರು ಕೂಡುತ್ತಿತ್ತು. ಕೊನೆಗೆ, "ಇಷ್ಟು ನೀರು ಕುಡಿದರೆ ಘಾಟ್ ಹೇಗೆ ಹತ್ತುತ್ತೀಯಮ್ಮ?" ಎಂದು ಬುದ್ಧಿಯನ್ನೂ ಹೇಳಿದೆ. ಇಂಥವನನ್ನು ಜೀಪಿನಲ್ಲಿ ಕೂರಿಸುತ್ತೀರಾ?

ಲತಾ ಯಾರೆಂದು ಹೊಸಬರಿಗೆ ಹೇಳಬೇಕು. ಬೀದರ್ ಕಡೆಯವಳು, ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಕೆಲಸ. ನಮ್ಮ ತಂಡದ ದೊಡ್ಡ ನಿಯಮ ಹುಟ್ಟಿದ್ದೇ ಅವಳಿಂದ. ಅವಳು ಸೇರಿದ ಹೊಸತು, ಆಷಾಢದ ಮಳೆ. ತ್ರ್ಯಂಬಕೇಶ್ವರ ದಾಟಿ ಅಂಬೋಲಿ ಘಾಟಿಗೆ ಹೋಗಿದ್ದೆವು. ಬೆಟ್ಟದ ಮೈಯೆಲ್ಲ ಬಿಳಿ ನೀರು, ರಸ್ತೆಯ ಮೇಲೆ ಮಂಜು. ಇಳಿದೆವು, ಮತ್ತೆ ಏರಿದೆವು, ಮೇಲೆ ಬಂದು ಚಹಾ ಕುಡಿದು ಭಜಿಯ ಎರಡನೇ ತಟ್ಟೆ ಹೇಳಿದ ಮೇಲೆ ಲತಾ ಸೈಕಲ್ ತಳ್ಳಿಕೊಂಡು ಒದ್ದೆಯಾಗಿ ಬಂದಳು. ಭಜಿ ಮುಟ್ಟಲಿಲ್ಲ. "ಕಾಕಾ, ನೀವೆಲ್ಲಾ ಕೂಡಿ ಘಾಟ್ ಹತ್ತೀರಿ. ನಾ ಒಬ್ಬಾಕಿನೇ ಹತ್ತೀನಿ. ಹಾದ್ಯಾಗ ಮಂಗ್ಯಾ ಬಿಟ್ಟರ ಮಾತಾಡ್ಸಲಕ್ಕ ಯಾರೂ ಇದ್ದಿಲ್ಲ" ಎಂದಳು.

ಅಂದೇ, ಆ ಚಹಾದಂಗಡಿಯಲ್ಲೇ, ನಾನು ನಿಯಮ ಮಾಡಿದೆ. ಎಲ್ಲರಿಗಿಂತ ನಿಧಾನ ಇರುವವರು ಎಲ್ಲರಿಗಿಂತ ಮುಂದೆ ಇರಬೇಕು. ಅವರನ್ನು ಯಾರೂ ದಾಟಬಾರದು. ಆಗ ಯಾರೂ ಹಿಂದೆ ಉಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಸೇರಿಸಿದೆ: ನೀವು ನಿಧಾನ ಎಂದು ಅವರಿಗೆ ಹೇಳಬಾರದು, ಮನಸ್ಸಿಗೆ ಹತ್ತುತ್ತದೆ. ಬದಲಿಗೆ ಮರ್ಯಾದೆಯಿಂದ, "ನಿಮಗೆ ದಾರಿ ಗೊತ್ತಿದೆ, ನೀವೇ ಮುಂದೆ ಇರಿ" ಎನ್ನಬೇಕು.

ನಿಮಗೆ ದಾರಿ ಗೊತ್ತಿದೆ. ನೀವೇ ಮುಂದೆ...

ಯಾಕೆ ನಗುತ್ತಿದ್ದೀರಿ?

ಯಶವಂತ, ಮೇಲೆ ಫ್ಯಾನ್ ಏನು ನೋಡುತ್ತೀಯಪ್ಪ? ಇಲ್ಲಿ ನೋಡು. ಲತಾ, ನಿನಗೆ ನಿಜವಾಗಿ ನೀರಡಿಕೆ ಆಗಿತ್ತೇ? ತಲೆ ತಗ್ಗಿಸಬೇಡ. ಅಲಕಾ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೀರಲ್ಲ, ಅಂದರೆ ನಿಮಗೂ ಗೊತ್ತಿತ್ತು.

ಒಂದು ಗುಟುಕು ನೀರು ಕುಡಿಯುತ್ತೇನೆ. ಇದು ನಿಜವಾದ ನೀರಡಿಕೆ.

ಸಭಿಕರೇ, ಈಗ ನನಗೆ ಅವಮಾನವಾಗಬೇಕಿತ್ತು. ಸ್ವಲ್ಪ ಆಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ತಂಪಾಗಿದೆ. ದೀಪಾವಳಿಯಿಂದ ಇಲ್ಲಿಯವರೆಗೆ ಇಷ್ಟು ಮಂದಿ ಬ್ರೇಕು ಹಿಡಿದುಕೊಂಡು ನನ್ನ ಹಿಂದೆ ಬಂದಿರಿ. ಒಬ್ಬರೂ ಗಂಟೆ ಬಾರಿಸಲಿಲ್ಲ, ಒಬ್ಬರೂ ನನ್ನ ಮುಂದೆ ಗುಟ್ಟು ಬಿಡಲಿಲ್ಲ. ನಾನು ಕಲಿಸಿದ್ದನ್ನು ನನ್ನ ಮೇಲೆಯೇ ಇಷ್ಟು ಚೊಕ್ಕವಾಗಿ ಮಾಡಿ ತೋರಿಸಿದಿರಿ. ಬ್ಯಾಂಕಿನಲ್ಲಿ ನನ್ನ ಒಂದು ಸುತ್ತೋಲೆಯನ್ನೂ ಯಾರೂ ಹೀಗೆ ಪಾಲಿಸಿರಲಿಲ್ಲ!

ಹಾಗಾದರೆ ನಿಯಮ ಏನು ಹೇಳುತ್ತದೆ? ಎಲ್ಲರಿಗಿಂತ ನಿಧಾನ ಇರುವವರು ಮುಂದೆ. ಜೀಪಿನಲ್ಲಿ ಎಂದು ಹೇಳುತ್ತದೆಯೇ? ನಿಯಮ ಮಾಡಿದವನು ಇಲ್ಲೇ ನಿಂತಿದ್ದೇನೆ, ಕೇಳಿಕೊಳ್ಳಿ. ಅದರಲ್ಲಿ ಜೀಪಿನ ಮಾತೇ ಇಲ್ಲ. ಮೊಣಕಾಲು ನಿಂತುಹೋದ ದಿನ ನಾನೇ ಸೈಕಲ್ಲನ್ನು ಜೀಪಿನ ಮೇಲೆ ಎತ್ತಿ ಹಾಕುತ್ತೇನೆ. ಅಲಕಾ ಅವರಿಗೆ ಈ ಮಾತು ಎಲ್ಲರೆದುರು ಕೊಟ್ಟಿದ್ದೇನೆ. ಆ ದಿನ ಬರುವ ಭಾನುವಾರವಲ್ಲ.

ಆದ್ದರಿಂದ ಗೌರವ ಮಾರ್ಗದರ್ಶಕನ ಹುದ್ದೆಯನ್ನು ವಿನಯದಿಂದ ಹಿಂದಿರುಗಿಸುತ್ತೇನೆ. ಶಾಲು ಮಾತ್ರ ಕೊಡುವುದಿಲ್ಲ. ಚಾಳೀಸಗಾಂವದ ಚಳಿಗೆ ಕುತ್ತಿಗೆಗೆ ಸುತ್ತಿಕೊಳ್ಳುತ್ತೇನೆ. ಹಣ್ಣಿನ ಬುಟ್ಟಿ ಜೀಪಿನಲ್ಲಿ ನನ್ನ ಜಾಗದಲ್ಲಿ ಕೂರಲಿ. ಲತಾ, ನೀನು ನನ್ನ ಬೆನ್ನಿಗೇ ಇರು, ತಿರುವಿಗೊಮ್ಮೆ ನೀರು ಕೇಳುವುದನ್ನು ಮರೆಯಬೇಡ. ವಿಶ್ವನಾಥಪ್ಪನವರೇ, ರೊಟ್ಟಿ ಬಿಸಿ ಮಾಡಲು ಅವಸರ ಬೇಡ. ನಾವು ತಡವಾಗಿ ಬರುತ್ತೇವೆ, ಆದರೆ ಎಲ್ಲರೂ ಒಟ್ಟಿಗೆ ಬರುತ್ತೇವೆ.

ಇಷ್ಟು ಹೊತ್ತು ನನ್ನ ಮಾತಿನ ಹಿಂದೆಯೂ ದಾಟದೆ ಬಂದ ನಿಮಗೆಲ್ಲ ಧನ್ಯವಾದ. ಭಾನುವಾರ ಘಾಟಿನ ಬುಡದಲ್ಲಿ ಸಿಗೋಣ. ನನಗೆ ದಾರಿ ಗೊತ್ತಿದೆ; ನಾನೇ ಮುಂದೆ ಇರುತ್ತೇನೆ. ನಮಸ್ಕಾರ.